ಬೆಟ್ಟಕ್ಕೆ ಮುಂಚಿನ ಕೊನೆಯ ಮನೆ

ಬೆಟ್ಟದ ಬುಡದಲ್ಲಿ ಮನೆ ಕಟ್ಟಿದವನಿಗೆ ಮೂರು ಕಾಟ ತಪ್ಪಿದ್ದಲ್ಲ ಎಂದು ನಮ್ಮಜ್ಜ ಹೇಳುತ್ತಿದ್ದ: ಚಿರತೆ, ಕರಡಿ, ಉರುಳುವ ಕಲ್ಲು. ನಾಲ್ಕನೆಯದು ಅವನ ಕಾಲಕ್ಕೆ ಇರಲಿಲ್ಲ. ಅದು ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟು, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ಹತ್ತು ಗಂಟೆಯ ಹೊತ್ತಿಗೆ ನಮ್ಮ ಅಂಗಳಕ್ಕೆ ಬಂದು ಹಾರ್ನ್ ಹೊಡೆಯುತ್ತದೆ. ಚಿರತೆ ವರ್ಷಕ್ಕೊಮ್ಮೆ ಬರುತ್ತದೆ. ಇದು ವಾರ ವಾರ.

ರಾಮನಗರದಿಂದ ಮಾಗಡಿ ಕಡೆ ಹೋಗುವ ಒಂದು ಒಳದಾರಿಯಲ್ಲಿ ನಮ್ಮ ಊರು. ಊರಿನ ಕೊನೆಯಲ್ಲಿ ನಮ್ಮ ಮನೆ, ಅದರ ಹಿಂದೆ ಬೆಟ್ಟ. ಸಾವನದುರ್ಗಕ್ಕೆ ಕೋಟೆಯಿದೆ, ರಾಮದೇವರ ಬೆಟ್ಟಕ್ಕೆ ರಾಮನಿದ್ದಾನೆ, ರೇವಣಸಿದ್ದೇಶ್ವರ ಬೆಟ್ಟಕ್ಕೆ ಮೆಟ್ಟಿಲಿದೆ. ನಮ್ಮ ಬೆಟ್ಟಕ್ಕೆ ಏನೂ ಇರಲಿಲ್ಲ, ಹೆಸರು ಕೂಡ. ಆದ್ದರಿಂದ ನಾವು ಸುಖವಾಗಿದ್ದೆವು. ಯಾರೋ ಪುಣ್ಯಾತ್ಮ ಅದರ ನೆತ್ತಿಯ ಮೇಲೆ ನಿಂತು, ಎರಡೂ ಕೈ ಚಾಚಿ ವಿಡಿಯೊ ಮಾಡಿ, ‘ಯಾರಿಗೂ ಗೊತ್ತಿಲ್ಲದ ಜಾಗ’ ಎಂದು ಎಲ್ಲರಿಗೂ ತಿಳಿಸಿದ.

ನನಗೆ ಸಿಟ್ಟು ಬರುವುದಿಲ್ಲ. ನಮ್ಮ ಮನೆಯಲ್ಲಿ ಆ ಖಾತೆ ಹೆಂಡತಿಯದು. ಅವಳು ರೇಷ್ಮೆ ಹುಳು ಸಾಕುತ್ತಾಳೆ. ಮನೆಗೂ ಬೆಟ್ಟಕ್ಕೂ ನಡುವೆ ಅವಳ ಹುಳುಮನೆ ಇದೆ. ಹುಳು ಎಂಬುದು ಅತ್ತೆಗಿಂತ ನಾಜೂಕಿನ ಪ್ರಾಣಿ. ಹೊಗೆ ಆಗದು, ಸೆಂಟು ಆಗದು, ಊದುಬತ್ತಿ ಆಗದು. ಹುಳು ಇರುವಷ್ಟು ದಿನ ನಮ್ಮ ಮನೆಯ ಸಾರಿಗೆ ಒಗ್ಗರಣೆ ಇಲ್ಲ, ನನ್ನ ಸ್ನಾನಕ್ಕೆ ಘಮಘಮಿಸುವ ಸೋಪಿಲ್ಲ, ದೇವರಿಗೂ ಬರೀ ಹೂವು.

ಹೋದ ದಸರಾ ರಜೆಯಲ್ಲಿ ಬೆಟ್ಟಕ್ಕೆ ಬಂದವರು ಹುಳುಮನೆಯ ಕಿಟಕಿಗೆ ನೇರವಾಗಿ, ಹಸಿ ಲಂಟಾನ ಗಿಡ ಕಡಿದು ಹಾಕಿ, ಬೆಂಕಿ ಹಚ್ಚಿ, ಗಿಟಾರ್ ಬಾರಿಸಿದರು. ಗೂಡು ಕಟ್ಟಲು ನಾಲ್ಕೇ ದಿನ ಇದ್ದ ಹುಳುಗಳು ಬೆಳಿಗ್ಗೆ ತಟ್ಟೆ ತುಂಬಾ ಕಪ್ಪಾಗಿ ಬಿದ್ದಿದ್ದವು. ಹೆಂಡತಿ ತೋಟದಲ್ಲಿ ಗುಂಡಿ ತೆಗೆದು, ಮಂಕರಿ ಮಂಕರಿಯಾಗಿ ಹೊತ್ತು ಹಾಕಿ, ಮಣ್ಣು ಮುಚ್ಚಿದಳು. ಮೂರನೆಯ ದಿನ ಮಾತಾಡಿದಳು.

“ಇನ್ನೊಂದು ಬೆಳೆ ಇಡ್ತೀನಿ. ಅದೂ ಹಿಂಗೇ ಹೋದ್ರೆ ಹುಳುಮನೆಗೆ ಬೀಗ ಜಡ್ದು, ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ ಹತ್ಬುಡ್ತೀನಿ. ನೀನು ಬಂದೋರ್ಗೆಲ್ಲ ದಾರಿ ತೋರಿಸ್ಕೊಂಡು ಇಲ್ಲೇ ಇರು.”

ಮುಂದಿನದು ಆ ಇನ್ನೊಂದು ಬೆಳೆಯ ಕಾಲದಲ್ಲಿ ನಡೆದದ್ದು.

ನಮ್ಮ ಮನೆ ಇಲ್ಲ

ಮರಿಹುಳು ತಂದು ಹುಳುಮನೆಯಲ್ಲಿ ಇಳಿಸಿದ ವಾರವೇ ಒಂದು ಕಪ್ಪು ಕಾರು ಅಂಗಳಕ್ಕೆ ನುಗ್ಗಿ, ಹುಳುಮನೆಯ ಬಾಗಿಲಿಗೆ ಮೂತಿ ತಾಗಿಸಿ ನಿಂತಿತು. ಒಳಗಿನಿಂದ ತಣ್ಣನೆಯ ಗಾಳಿಯ ಜೊತೆ ಒಬ್ಬ ಯುವಕ ಇಳಿದ. ಕೈಯಲ್ಲಿ ಫೋನು.

“ಈ ಶೆಡ್ಡಿನ ಬಾಗಿಲು ಸ್ವಲ್ಪ ತೆಗೀತೀರಾ? ದಾರಿ ಒಳಗಿಂದ ಹೋಗುತ್ತೆ.”

“ಇದು ದಾರಿಯಲ್ಲ, ಹುಳುಮನೆ” ಎಂದೆ.

ಅವನು ಫೋನ್ ತೋರಿಸಿದ. ನೀಲಿ ಗೆರೆಯೊಂದು ನಮ್ಮ ಗೇಟಿನಿಂದ ಹೊರಟು, ಅಡುಗೆಮನೆ ಹಾದು, ಹುಳುಮನೆಯ ಮುಂಬಾಗಿಲಲ್ಲಿ ನುಗ್ಗಿ ಹಿಂದಿನ ಗೋಡೆಯಲ್ಲಿ ಹೊರಬಿದ್ದು ಬೆಟ್ಟಕ್ಕೆ ಹೋಗಿತ್ತು.

“ನೋಡಿ ಸರ್, ಇಲ್ಲಿ ಯಾವ ಮನೆಯೂ ಇಲ್ಲ.”

ಅಷ್ಟರಲ್ಲಿ ಹೆಂಡತಿ ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದೇ ಬಂದಳು. “ಏನಂತೆ?”

“ನಮ್ಮ ಮನೆ ಇಲ್ವಂತೆ.”

“ಹಂಗಾರೆ ನಾನ್ ಯಾರಪ್ಪ?” ಎಂದು ಅವನನ್ನು ಕೇಳಿದಳು. “ನಮ್ಮತ್ತೆ ಮಾವ ಬಾಳಿ ಸತ್ತ ಮನೆ ಇದು. ಅವ್ರು ಇಲ್ಲಿ ಇರ್ನಿಲ್ವಾ? ಎಲ್ಲಿ ಸತ್ರು ಮತ್ತೆ?”

ಯುವಕ ಕುಡುಗೋಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಮ್ಯಾಪನ್ನು ಬಿಟ್ಟುಕೊಡಲಿಲ್ಲ. ಒಳ್ಳೆಯ ಮನೆತನದ ಹುಡುಗ, ನಮಗೆ ಸಹಾಯ ಮಾಡಿಯೇ ಹೋಗಬೇಕೆಂದು ಅವನಿಗೆ ಅನ್ನಿಸಿತು. “ಆಂಟಿ, ಬೇಜಾರ್ ಮಾಡ್ಕೋಬೇಡಿ. ಇಲ್ಲಿ ಒಂದು ಮನೆ ಇದೆ ಅಂತ ನಾನೇ ರಿಪೋರ್ಟ್ ಹಾಕ್ತೀನಿ. ಅವರು ಪರಿಶೀಲಿಸಿ ತಿಳಿಸ್ತಾರೆ.”

ಹಾಕಿಯೂ ಹಾಕಿದ. ಅದು ಇನ್ನೂ ಪರಿಶೀಲನೆಯಲ್ಲಿದೆ. ತೀರ್ಮಾನ ಬರುವವರೆಗೆ ನಾವು ಇದ್ದೇವೆ ಎಂದು ಹೇಳಿಕೊಳ್ಳುವುದು ಅವಸರವಾಗುತ್ತದೆ.

ಪೂರ್ತಿ ಗಿಡಮೂಲಿಕೆ

ಎರಡನೆಯ ಜ್ವರ ಮುಗಿಯಿತು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳು ಗೂಡಿನ ಹತ್ತಿರ ಬಂತೆಂದು ಲೆಕ್ಕ.

ಆ ಶನಿವಾರ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಬಂದು, ಬಚ್ಚಲು ಉಪಯೋಗಿಸಬಹುದೇ ಎಂದು ಕೇಳಿದಳು. ಮಗು ಎಂದರೆ ಯಾರು ಇಲ್ಲ ಎನ್ನುತ್ತಾರೆ? ಹೆಂಡತಿಯೇ ನೀರು ಇಟ್ಟುಕೊಟ್ಟಳು. ಹೊರಗೆ ಬಂದ ಮೇಲೆ ಆಕೆ ಜಗಲಿಯ ಮೇಲೆ ಮಗುವನ್ನು ನಿಲ್ಲಿಸಿ, ಚೀಲದಿಂದ ಹಸಿರು ಬಾಟಲಿ ತೆಗೆದು, ಮಗುವಿನ ಕೈಕಾಲಿಗೆ ಸೊಯ್ಯನೆ ಹೊಡೆಯತೊಡಗಿದಳು. ನಿಂಬೆಹುಲ್ಲಿನ ವಾಸನೆ ಜಗಲಿ ದಾಟಿ ಹುಳುಮನೆಯ ದಿಕ್ಕಿಗೆ ಹೊರಟಿತು.

ಹೆಂಡತಿ ಒಳಗಿನಿಂದ ಬಂದ ವೇಗವನ್ನು ನಾನು ನಮ್ಮ ಮದುವೆಯಾದಾಗಿನಿಂದ ನೋಡಿರಲಿಲ್ಲ. ಬಾಟಲಿ ಆಕೆಯ ಕೈಯಿಂದ ಇವಳ ಕೈಗೆ ಬಂದಿತ್ತು.

“ಏನವ್ವ ಇದು?”

“ಸೊಳ್ಳೆಗೆ. ಭಯಪಡ್ಬೇಡಿ, ಕೆಮಿಕಲ್ ಇಲ್ಲ. ಪೂರ್ತಿ ಗಿಡಮೂಲಿಕೆ. ಪ್ರಕೃತಿಯಿಂದಲೇ ಮಾಡಿದ್ದು.”

“ಪ್ರಕೃತಿ ಇರ್ಲಿ. ಸೊಳ್ಳೆ ಸಾಯ್ತದೋ ಇಲ್ವೋ?”

“ಖಂಡಿತ ಸಾಯುತ್ತೆ.”

“ಸೊಳ್ಳೆ ಸತ್ರೆ ಹುಳ ಉಳಿತದಾ? ಅಲ್ಲಿ ಒಳಗೆ ತಟ್ಟೆ ತಟ್ಟೆ ಹುಳ ಅವೆ ಕಣವ್ವ! ಗೋಡೆಯಿಂದ ಗೋಡೆಗೆ ಹುಳ! ಒಂದ್ ಗಾಳಿ ಸಾಕು, ಒಂದೂ ಉಳಿಯಲ್ಲ!”

ಆಕೆಯ ಮುಖದಲ್ಲಿ ನಿಜವಾದ ಕರುಣೆ ಕಾಣಿಸಿತು. ಮಗುವನ್ನು ತಟ್ಟನೆ ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

“ಅಯ್ಯೋ ಪಾಪ, ನಿಮ್ಮನೇಲಿ ಅಷ್ಟೊಂದು ಹುಳ ಆಗಿದೆಯಾ ಆಂಟಿ?” ಎಂದಳು. “ಹಾಗಾದ್ರೆ ಈ ಬಾಟ್ಲಿ ನೀವೇ ಇಟ್ಕೊಳ್ಳಿ. ಪೂರ್ತಿ ಹೊಡೀರಿ.”

ಮಲಗಲಿ ಬಿಡಿ

ಬೆಟ್ಟದ ಬುಡದಲ್ಲಿ ಅಂಗಳದಷ್ಟು ಅಗಲದ ಹಾಸುಬಂಡೆ ಇದೆ. ಊರವರು ಹುರುಳಿ, ರಾಗಿ ಬಡಿಯುವುದು ಅಲ್ಲಿಯೇ. ಒಂದು ಬೆಳಿಗ್ಗೆ ನಾವು ಕಿತ್ತ ಹುರುಳಿ ಗಿಡವನ್ನು ಹರವಿ ಬಡಿಯುತ್ತಿದ್ದೆವು. ಹೆಂಡತಿಗೆ ಅವಸರ. ಸೊಪ್ಪು ಹಾಕುವ ಹೊತ್ತಿಗೆ ಮೈಕೈ ತೊಳೆದು ಹುಳುಮನೆಗೆ ಹಿಂದಿರುಗಬೇಕು.

ಮದುವೆಗೆ ಮುಂಚಿನ ಫೋಟೊ ತೆಗೆಸಲು ಒಂದು ಜೋಡಿ ಬಂತು. ಹುಡುಗಿ ನೆಲ ಗುಡಿಸುವಷ್ಟು ಉದ್ದದ ಬಿಳಿ ಗೌನು ತೊಟ್ಟಿದ್ದಳು. ಹುಡುಗನಿಗೆ ಆ ಬಿಸಿಲಿನಲ್ಲಿ ಕೋಟು. ಜೊತೆಗೆ ಟೋಪಿ ಹಿಂದುಮುಂದು ಹಾಕಿಕೊಂಡ ಫೋಟೊಗ್ರಾಫರು.

“ಅಮ್ಮಾ, ಈ ಕಸ ಎಲ್ಲ ಆ ಕಡೆ ಸರಿಸ್ತೀರಾ? ಫ್ರೇಮಿಗೆ ಅಡ್ಡ ಬರ್ತಿದೆ.”

“ಕಸ ಅಲ್ಲ, ಹುರುಳಿ” ಎಂದಳು.

“ಏನೇ ಆಗ್ಲಿ.”

ಇಂಥ ಮಾತಿಗೆ ಅವಳು ಏನು ಮಾಡುತ್ತಾಳೆಂದು ಬಲ್ಲ ನಾನು ಕೋಲನ್ನು ಅವಳ ಕೈಗೆ ಎಟುಕದಂತೆ ಹಿಂದೆ ಇಟ್ಟೆ. ಅಷ್ಟರಲ್ಲಿ ಫೋಟೊಗ್ರಾಫರಿಗೆ ಬೇರೆ ಜ್ಞಾನೋದಯವಾಯಿತು. ಎರಡೂ ಕೈಯಲ್ಲಿ ಚೌಕ ಮಾಡಿ ಅದರೊಳಗಿಂದ ಹುರುಳಿ ಹೊಟ್ಟಿನ ರಾಶಿ ನೋಡಿದರು. “ವಾವ್, ಇದು ಚೆನ್ನಾಗಿದೆ! ಅಮ್ಮಾ, ಇವರಿಬ್ಬರೂ ಇದರ ಮೇಲೆ ಮಲಕ್ಕೊಂಡ್ರೆ ಪರವಾಗಿಲ್ವಾ?”

ಹುರುಳಿ ಹೊಟ್ಟಿನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಮೈಗೆ ತಾಗಿದರೆ ಆ ತುರಿಕೆಯ ಮುಂದೆ ಕೆಸುವಿನ ಸೊಪ್ಪು, ನಸುಗುನ್ನಿ ಎಲ್ಲವೂ ಮರೆತುಹೋಗುತ್ತವೆ. ನಾವು ತುಂಬು ತೋಳಿನ ಅಂಗಿ ಹಾಕಿ, ತಲೆಗೆ ಬಟ್ಟೆ ಸುತ್ತಿ ಬಡಿಯುವುದು ಚಳಿಗಲ್ಲ.

ನಾನು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು.

“ಮಲಿಕ್ಕೊಳ್ಳಿ ಬುಡಿ, ಪಾಪ” ಎಂದಳು. “ಚೆನ್ನಾಗಿ ಹೊರಳಾಡ್ಲಿ. ಇನ್ನೊಸಿ ಹರವಿ ಕೊಡ್ಲಾ?”

ಅವಳ ಬಾಯಿಂದ ‘ಪಾಪ’ ಎಂಬ ಮಾತು ಬಂದಾಗ ನಾನು ಸಾಮಾನ್ಯವಾಗಿ ಊರು ಬಿಟ್ಟಿರುತ್ತೇನೆ.

ಫೋಟೊಗಳು ಆಮೇಲೆ ಎಲ್ಲರ ಫೋನಿನಲ್ಲೂ ಬಂದವು. ನಾನೂ ನೋಡಿದೆ. ಹಿಂದೆ ಬೆಟ್ಟ, ಬಂಗಾರದ ಬಣ್ಣದ ಹೊಟ್ಟು, ಅವಳ ಹತ್ತೂ ಬೆರಳು ಅವನ ಬೆನ್ನ ಮೇಲೆ, ಅವನ ಹತ್ತೂ ಬೆರಳು ಅವಳ ಬೆನ್ನ ಮೇಲೆ, ಇಬ್ಬರ ಕಣ್ಣಲ್ಲೂ ನೀರು. ಕೆಳಗೆ ಜನ ಸಾಲು ಸಾಲಾಗಿ ಬರೆದಿದ್ದಾರೆ: ಪ್ರೀತಿ ಎಂದರೆ ಹೀಗಿರಬೇಕು.

ಹದ್ದು ನೋಡಲು ಬಂದವರು

ಮೂರನೆಯ ಜ್ವರದಲ್ಲಿ ಹುಳು ತಲೆ ಎತ್ತಿ ಮಲಗಿದ್ದಾಗ ಹೆಂಡತಿ ನನ್ನನ್ನೂ ಪಕ್ಕದ ಮನೆಯವನನ್ನೂ ಬೆಟ್ಟಕ್ಕೆ ಕಾವಲಿಗೆ ಕಳಿಸಿದಳು. ಯಾರಾದರೂ ಕಡ್ಡಿ ಗೀರಿದರೆ ಆರಿಸುವುದು ನಮ್ಮ ಕೆಲಸ. ಪಕ್ಕದ ಮನೆಯವನು ನನ್ನ ಜೊತೆ ಶಾಲೆಗೆ ಬಂದು, ನನಗಿಂತ ಬೇಗ ಬುದ್ಧಿ ಬಂದು ಶಾಲೆ ಬಿಟ್ಟು, ಕುರಿ ಸಾಕಿಕೊಂಡವನು. ಬೆಟ್ಟ ಅವನ ಕುರಿಗಳ ಊಟದ ಮನೆ.

ನಮ್ಮ ಕಡೆ ಬಂಡೆಗಳ ಎತ್ತರದಲ್ಲಿ ರಣಹದ್ದುಗಳಿವೆ. ಇವೆ ಎಂದರೆ ಇವೆ, ಆದರೆ ಕೇಳಿದಾಗ ಬರುವುದಿಲ್ಲ. ಆ ದಿನ ಪಡವಲಕಾಯಿಯಷ್ಟು ಉದ್ದದ ಕ್ಯಾಮೆರಾ ಹೊತ್ತ ದಪ್ಪನೆಯ ಮಹಾಶಯರೊಬ್ಬರು ಅರ್ಧ ಬೆಟ್ಟ ಹತ್ತಿ, ಏದುಸಿರು ಬಿಡುತ್ತಾ ನಮ್ಮ ಪಕ್ಕ ಕೂತರು.

“ಹದ್ದು ಎಲ್ಲಿ?”

“ಬೆಳಿಗ್ಗೆ ಒಂದ್ ಬಂದಿತ್ತು” ಎಂದ ನೆರೆಯವನು.

“ಈಗ ಎಲ್ಲಿದೆ?”

“ಹೇಳಿ ಹೋಗ್ನಿಲ್ಲ.”

ಅವರು ಗಡಿಯಾರ ನೋಡಿಕೊಂಡರು. ಊಟಕ್ಕೆ ಚನ್ನಪಟ್ಟಣದ ಕಡೆ ಎಲ್ಲೋ ಟೇಬಲ್ ಹೇಳಿಟ್ಟಿದ್ದರಂತೆ. ಚೀಲದಿಂದ ಒಂದು ಸರ ಪಟಾಕಿ ತೆಗೆದರು. “ಇದನ್ನ ಹಚ್ಚಿದ್ರೆ ಹೆದರಿ ಹಾರ್ತವೆ ಅಂತ ಒಬ್ರು ಹೇಳಿದ್ರು.”

ನೆರೆಯವನು ಪಟಾಕಿಯನ್ನು ಮೆಲ್ಲನೆ ಅವರ ಕೈಯಿಂದ ತೆಗೆದುಕೊಂಡು, ತನ್ನ ನೀರಿನ ಕ್ಯಾನಿನೊಳಗೆ ಇಳಿಬಿಟ್ಟು, ಮುಚ್ಚಳ ತಿರುಗಿಸಿದ. “ಕೆಳಗೆ ಒಬ್ಳು ಹೆಂಗ್ಸು ಹುಳು ಸಾಕವ್ಳೆ ಸ್ವಾಮಿ. ನೀವು ಇದನ್ನ ಹಚ್ಚುದ್ರೆ ಅವ್ಳು ನಮ್ಮಿಬ್ರನ್ನೂ ಹಚ್ತಾಳೆ.”

ಮಹಾಶಯರು ಬೇಸರಪಟ್ಟುಕೊಂಡರು. ಆದರೆ ಓದಿಕೊಂಡವರು, ಇನ್ನೊಂದು ಉಪಾಯ ಇತ್ತು. ಕುರಿಗಳ ಕಡೆ ನೋಡಿ ದನಿ ತಗ್ಗಿಸಿದರು. “ಸತ್ತ ಪ್ರಾಣಿ ಕಂಡ್ರೆ ಹದ್ದು ತಾನಾಗೇ ಇಳಿಯುತ್ತಂತೆ. ನಿಮ್ಮ ಮಂದೆಯಲ್ಲಿ ಯಾವುದಾದ್ರೂ… ಅಂದ್ರೆ, ಇವತ್ತು ನಾಳೆ ಅನ್ನೋ ಹಾಗಿರೋದು?”

ನೆರೆಯವನು ಕುರಿಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಮಹಾಶಯರನ್ನು ಅಡಿಯಿಂದ ಮುಡಿಯವರೆಗೆ ಅಷ್ಟೇ ನಿಧಾನವಾಗಿ ನೋಡಿದ.

“ನನ್ ಕುರಿ ಎಲ್ಲಾ ಗಟ್ಟಿಮುಟ್ಟಾಗವೆ ಸ್ವಾಮಿ. ನೀವೇ ಇನ್ನೊಸಿ ಮ್ಯಾಕ್ ಹತ್ತಿ. ಅವೇ ಬತ್ತವೆ.”

ಬೆಂಚು

ನಾಲ್ಕನೆಯ ಜ್ವರ ಎದ್ದ ಹುಳು ಹಗಲೂ ರಾತ್ರಿ ತಿನ್ನುತ್ತದೆ. ಹುಳುಮನೆಯಲ್ಲಿ ಕಿವಿಯಿಟ್ಟರೆ ಸೊಪ್ಪು ಕಚ್ಚುವ ಸದ್ದು ಜಡಿಮಳೆಯಂತೆ ಕೇಳುತ್ತದೆ. ಹೆಂಡತಿಗೆ ಆ ಸದ್ದೇ ಊಟ, ಅದೇ ನಿದ್ದೆ. ಇನ್ನೊಂದು ವಾರ ಎಂದು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆ ವಾರ ಬೆಟ್ಟದ ಅಭಿವೃದ್ಧಿ ಬಂತು. ಅಭಿವೃದ್ಧಿ ಎಂದರೆ ಒಬ್ಬ ಎಂಜಿನಿಯರು, ಒಬ್ಬ ಗುತ್ತಿಗೆದಾರ, ಒಂದು ಲಾರಿ. ಯಾರು ಕಳಿಸಿದರೆಂದು ಕೇಳಿದ್ದಕ್ಕೆ ‘ಮೇಲಿಂದ’ ಎಂದರು. ಬೆಟ್ಟದ ಮೇಲಿಂದ ಅಲ್ಲ ಎಂದು ಮಾತ್ರ ನನಗೆ ತಿಳಿಯಿತು.

ಎಂಜಿನಿಯರು ನಮ್ಮ ಅಂಗಳದ ನಡುವೆ ನಿಂತು ಬೆಟ್ಟ ನೋಡಿ, “ವ್ಯೂ ಪಾಯಿಂಟ್ ಇಲ್ಲೇ ಸರಿ” ಎಂದರು. “ಆದ್ರೆ ಈ ಶೆಡ್ ಅಡ್ಡ ಬರುತ್ತೆ. ತೆಗೆದ್ರೆ ಬೆಟ್ಟ ಫುಲ್ ಕಾಣುತ್ತೆ.”

ಹೆಂಡತಿ ಹುಳುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಬೆಟ್ಟ ಸರಿಸಿ. ನನ್ನ ಹುಳುಮನೆ ಫುಲ್ ಕಾಣ್ತದೆ.”

ಬೆಟ್ಟ ಸರಿಸುವುದು ಖರ್ಚಿನ ಅಂದಾಜಿನಲ್ಲಿ ಇರಲಿಲ್ಲವಾದ್ದರಿಂದ ಅವರು ವ್ಯೂ ಪಾಯಿಂಟನ್ನು ರಸ್ತೆಯಾಚೆಗೆ ಒಯ್ದರು. ಲಾರಿಯಿಂದ ಕಲ್ಲಿನ ಬೆಂಚುಗಳು ಇಳಿದವು. ನಯಸು ಮಾಡಿದ ಒಳ್ಳೆಯ ಬೂದು ಕಲ್ಲು. ಕುರಿಯ ಜೊತೆ ನಿಂತು ನೋಡುತ್ತಿದ್ದ ನೆರೆಯವನು ಬೆಂಚು ಸವರಿದ.

“ಕಲ್ಲು ಎಲ್ಲೀದು ಸಾರ್?”

“ಕನಕಪುರದ ಕಡೆಯದು. ಅಲ್ಲೊಂದು ಬೆಟ್ಟ ಇತ್ತು. ಚೆನ್ನಾಗಿತ್ತು.”

“ಇತ್ತು?”

“ಈಗ ಮುಗೀತಾ ಬಂತು.”

“ಅಂದ್ರೆ ಈ ಬೆಟ್ಟ ನೋಡೋಕೆ ಆ ಬೆಟ್ಟ ಒಡ್ದು ಬೆಂಚು ಮಾಡಿದ್ರಿ.”

“ಪ್ರವಾಸಿಗಳು ಎಲ್ಲಿ ಕೂತ್ಕೋಬೇಕಪ್ಪ ಮತ್ತೆ?” ಎಂಜಿನಿಯರಿಗೆ ಹಳ್ಳಿಯವರ ಅಜ್ಞಾನ ಕಂಡು ಸ್ವಲ್ಪ ಬೇಜಾರಾಯಿತು.

“ಸರಿ ಸಾರ್. ಅಲ್ಲೂ ಒಸಿ ಬೆಟ್ಟ ಉಳ್ದದಲ್ಲ, ಅದನ್ನ ನೋಡಾಕ್ ಬರೋರ್ಗೆ ಬೆಂಚು?”

ಎಂಜಿನಿಯರು ಕೈಯಲ್ಲಿದ್ದ ನಕ್ಷೆ ಮಡಚಿದರು.

“ಅದು ಎರಡನೇ ಹಂತ” ಎಂದರು. “ಅದಕ್ಕೆ ಕಲ್ಲು ಇಲ್ಲಿಂದ ಹೋಗುತ್ತೆ.”

ಹುಳು ಹಣ್ಣಾದ ದಿನ

ಸೊಪ್ಪು ತಿಂದು ತಿಂದು ಕೊನೆಗೊಂದು ದಿನ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಹಣ್ಣಾಯಿತು ಎನ್ನುತ್ತೇವೆ. ಆಮೇಲೆ ಅದು ಯಾರಿಗೂ ಕಾಯುವುದಿಲ್ಲ. ಹಣ್ಣಾದ ಹುಳುವನ್ನು ಅಂದೇ ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ಅದು ಕಸದಲ್ಲಿ, ಗೋಡೆಯಲ್ಲಿ, ಎಲ್ಲೆಂದರಲ್ಲಿ ನೂಲು ಉಗುಳಿ ಮುಗಿಸಿಬಿಡುತ್ತದೆ. ಅದಕ್ಕೇ ಯಾರ ಮನೆಯಲ್ಲಿ ಹುಳು ಹಣ್ಣಾದರೂ ಬೀದಿಯವರೆಲ್ಲ ಹೋಗಿ ಕೈಹಾಕುವುದು ನಮ್ಮ ಕಡೆಯ ಪದ್ಧತಿ. ಕರೆಯುವುದು ಕೂಡ ಬೇಕಿಲ್ಲ.

ನಮ್ಮ ಹುಳು ಹಣ್ಣಾದದ್ದು ಮೂರು ದಿನ ರಜೆ ಕೂಡಿ ಬಂದ ಭಾನುವಾರ.

ಹೆಂಡತಿ ಬೀದಿಗೆ ಓಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಗಂಡಸರು ತಂತಮ್ಮ ಹೊಲದ ಮುಂದೆ ಬಂದವರ ಕಾರು ನಿಲ್ಲಿಸಿಕೊಂಡು ಕಾಸು ವಸೂಲು ಮಾಡುತ್ತಿದ್ದರು. ಹೆಂಗಸರು ಬೆಟ್ಟದ ಬುಡದಲ್ಲಿ ಮಜ್ಜಿಗೆ, ಸೌತೆಕಾಯಿ, ಮಸಾಲೆ ಮಂಡಕ್ಕಿ ಮಾರುತ್ತಿದ್ದರು. ಹೋದ ಬೆಳೆಯಲ್ಲಿ ನಮ್ಮ ಮನೆಯಲ್ಲಿ ಕೂತು ಹುಳು ಸತ್ತದ್ದಕ್ಕೆ ಅತ್ತಿದ್ದ ಮೂಲೆಮನೆಯವಳು, “ಅಕ್ಕ, ಇವತ್ತೊಂದಿನ ಬುಟ್ಬುಡು, ಸೀಸನ್ನು” ಎಂದಳು.

ವಾಪಸು ಬಂದ ಹೆಂಡತಿಯ ಮುಖ ನೋಡಿ ನೆರೆಯವನು ಕುರಿಗಳನ್ನು ತಾನಾಗಿಯೇ ಕೊಟ್ಟಿಗೆಗೆ ಕೂಡಿ ಬಂದು ಕೈಕಾಲು ತೊಳೆದ. ನಾವು ಮೂವರು. ಒಳಗೆ ಲೆಕ್ಕವಿಲ್ಲದಷ್ಟು ಹುಳು ತಲೆ ಎತ್ತಿಕೊಂಡು ತೂಗುತ್ತಿದ್ದವು. ಕೆಲವು ಆಗಲೇ ಗೋಡೆ ಹತ್ತುತ್ತಿದ್ದವು.

ಆಗ ಒಂದು ಟೆಂಪೊ ಟ್ರಾವೆಲರ್ ಬಂದು ನಮ್ಮ ಗೇಟಿಗೆ ಅಡ್ಡ ನಿಂತಿತು. ಒಂದೇ ಬಣ್ಣದ ಟೀ ಶರ್ಟು ಹಾಕಿದ ಗಂಡಸರು ಹೆಂಗಸರು ಇಳಿದು ಸಾಲಾಗಿ ನಿಂತರು. ಯಾವುದೋ ಆಫೀಸಿನವರು. ಅವರ ಮ್ಯಾನೇಜರು ಚಪ್ಪಾಳೆ ತಟ್ಟಿ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೆಳೆಸಲು ಬೆಟ್ಟ ಹತ್ತೋಣ ಎಂದು ವಿವರಿಸುತ್ತಿದ್ದರು.

ಹೆಂಡತಿ ಗೇಟು ತೆರೆದು ಎದುರು ನಿಂತಳು.

“ಬೆಟ್ಟ ನಾಳೆನೂ ಇರ್ತದೆ. ನನ್ ಹುಳ ಇರಲ್ಲ. ಬನ್ನಿ ಒಳಕ್ಕೆ.”

ಮ್ಯಾನೇಜರು ನಕ್ಕರು. “ಅಮ್ಮ, ನಾವು ಟ್ರೆಕ್ಕಿಂಗ್‌ಗೆ…”

“ಹೋದ ಸಲ ನಿಮ್ಮಂಗೇ ಬಂದೋರು ಹೊಗೆ ಹಾಕಿ ನನ್ ಬೆಳೆ ಎಲ್ಲಾ ಸಾಯ್ಸುದ್ರು. ಗುಂಡಿ ಅಲ್ಲೈತೆ, ತೋರಿಸ್ಲಾ? ಈ ಸಲ ಊರೋರೂ ಇಲ್ಲ. ಅವ್ರೆಲ್ಲ ನಿಮ್ಗೆ ಮಜ್ಜಿಗೆ ಮಾರಾಕ್ ಹೋಗವ್ರೆ. ನೀವು ಬರ್ದೇ ಇದ್ದಿದ್ರೆ ನಂಗೆ ಜನ ಸಿಕ್ತಿದ್ರು. ಈಗ ಬಂದಿದ್ದೀರಲ್ಲ, ನೀವೇ ಜನ.”

ಕನ್ನಡಕದ ಹುಡುಗಿಯೊಬ್ಬಳು ಸಾಲು ಬಿಟ್ಟು ಮುಂದೆ ಬಂದಳು. ಅವಳ ಹಿಂದೆ ಇನ್ನಿಬ್ಬರು. ನಂಬಿಕೆ ಬೆಳೆಯತೊಡಗಿತು.

ಒಳಗೆ ಬಿಡುವ ಮುಂಚೆ ಹೆಂಡತಿ ಒಬ್ಬೊಬ್ಬರ ಕುತ್ತಿಗೆಯ ಹತ್ತಿರ ಮೂಗು ತಂದು ಮೂಸಿ ನೋಡಿದಳು. ಎಲ್ಲರೂ ಫೇಲು. ಪಂಪು ಹಾಕಿ ತೊಟ್ಟಿಯ ಮುಂದೆ ನಿಲ್ಲಿಸಿ ಸೀಗೆಪುಡಿ ಕೊಟ್ಟು ಉಜ್ಜಿಸಿದಳು. ಮ್ಯಾನೇಜರು ಮಾತ್ರ ಎರಡು ಸಲ ತೊಳೆದರೂ ಮಲ್ಲಿಗೆ ತೋಟದಂತೆ ಘಮಘಮಿಸುತ್ತಿದ್ದರು. ಅವರ ಅಂಗಿ ಬಿಚ್ಚಿಸಿ ನನ್ನ ಹಳೆಯ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ ಕೊಟ್ಟಳು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲದ್ದಿಸಿ ಒಳಗೆ ಕಳಿಸಿದಳು.

ಒಳಗೆ ಹೋದ ಮೇಲೂ ಮ್ಯಾನೇಜರು ಮ್ಯಾನೇಜರೇ. ಚಡ್ಡಿ ಎಳೆದುಕೊಳ್ಳುತ್ತಾ, “ಮೊದಲು ಎರಡು ಟೀಮ್ ಮಾಡೋಣ. ಐದು ನಿಮಿಷ ಮೀಟಿಂಗ್, ಆಮೇಲೆ ಟಾರ್ಗೆಟ್…” ಎಂದು ಶುರು ಮಾಡಿದರು.

“ಲೇ, ಚಡ್ಡಿ ಸಾಹೇಬ್ರೇ” ಎಂದ ನೆರೆಯವನು, ಗೌರವಕ್ಕೆ ಏನೂ ಕಡಿಮೆ ಮಾಡದೆ. “ನೀವು ಮೀಟಿಂಗ್ ಮುಗ್ಸೋದ್ರೊಳಗೆ ಹುಳ ನಿಮ್ ಮೀಸೆಗೇ ಗೂಡು ಕಟ್ಬುಡ್ತದೆ. ಆರಿಸ್ರಿ!”

ಆರಿಸಿದರು. ಮೊದಮೊದಲು ಕಿರುಚಿದರು, ಆಮೇಲೆ ಬಗ್ಗಿದರು, ಆಮೇಲೆ ಸುಮ್ಮನಾದರು. ಹೆಂಡತಿ ಹಿಂದೆ ಮುಂದೆ ನಡೆಯುತ್ತಾ ಎಲ್ಲರನ್ನೂ ಸಮಾನವಾಗಿ ಬೈದಳು. “ಹಿಸುಕ್ಬೇಡ, ಅದು ಕ್ರೀಮ್ ಬನ್ನಲ್ಲ!” “ಅದಿನ್ನೂ ಕಾಯಿ ಕಣಯ್ಯ, ಹಣ್ಣು ನೋಡಿ ತಗಿ!” “ಫೋಟೊ ಆಮೇಲೆ ಹೊಡ್ಕೊ, ಮೊದ್ಲು ಕೈ ಹೊಡಿ!” ಮಧ್ಯಾಹ್ನ ಮುದ್ದೆ, ಒಗ್ಗರಣೆಯಿಲ್ಲದ ಸೊಪ್ಪಿನ ಸಾರು. ಬೆಟ್ಟ ಹಿಂದೆಯೇ ಇತ್ತು. ಯಾರೂ ತಿರುಗಿ ನೋಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಚಂದ್ರಿಕೆಯೂ ತುಂಬಿತು. ಹೆಂಡತಿ ಬಾಗಿಲಲ್ಲಿ ಕೂತು ಕಾಲು ಚಾಚಿದಳು. ಗೋಡೆಯ ಉದ್ದಕ್ಕೂ ಒರಗಿಸಿದ ತಟ್ಟೆಗಳಲ್ಲಿ ಹುಳುಗಳು ತಲೆ ಆಡಿಸುತ್ತಾ ತಂತಮ್ಮ ಸುತ್ತ ಬೆಳ್ಳಗೆ ನೂಲು ಎಳೆಯತೊಡಗಿದ್ದವು. ಬೆಳೆ ಉಳಿದಿತ್ತು. ಗಾರ್ಮೆಂಟ್ಸ್ ಬಸ್ಸು ಒಂದು ಸೀಟು ಖಾಲಿ ಇಟ್ಟುಕೊಂಡೇ ಹೋಗಬೇಕು. ಅವಳು ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ. “ಗೇಟಿಗೆ ಅಡ್ಡ ನಿಲ್ಸಿರೋ ವ್ಯಾನ್ ತಗೀರಿ ಮೊದ್ಲು” ಎಂದಳು.

ಎಲ್ಲರೂ ಹೊರಟರು. ಕನ್ನಡಕದ ಹುಡುಗಿ ಮಾತ್ರ ಒಂದು ಚಂದ್ರಿಕೆಯ ಮುಂದೆ ನಿಂತೇ ಇದ್ದಳು. ತಾನು ಬಿಟ್ಟ ಹುಳುಗಳಿಗೆಲ್ಲ ಹೆಸರಿಟ್ಟಿದ್ದಳು. ಒಂದಕ್ಕೆ ಚಿನ್ನು, ಒಂದಕ್ಕೆ ಬಂಗಾರಿ. ಮ್ಯಾನೇಜರ ಹೆಸರೂ ಒಂದಕ್ಕಿತ್ತು, ಅದು ಮಾತ್ರ ಇನ್ನೂ ಸುಮ್ಮನೆ ಕೂತಿತ್ತು.

“ಆಂಟಿ” ಎಂದಳು, ಕಣ್ಣು ತುಂಬಿಕೊಂಡು. “ಗೂಡು ಕಟ್ಟಿದ ಮೇಲೆ ಇವೆಲ್ಲ ಎಲ್ಲಿಗೆ ಹೋಗ್ತವೆ?”

ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಂದ ನೂಲು ತೆಗೆಯುವವರು ಒಯ್ದು, ಹುಳು ಒಳಗಿರುವಾಗಲೇ ಕುದಿಯುವ ನೀರಿಗೆ ಹಾಕುತ್ತಾರೆ. ನೆರೆಯವನು ನನ್ನ ಮುಖ ನೋಡಿದ. ನಾನು ಬೆಟ್ಟ ನೋಡಿದೆ.

ಹೆಂಡತಿ ಆ ಹುಡುಗಿಯ ತಲೆ ಸವರಿದಳು.

“ರಾಮನಗರಕ್ಕೆ ಹೋಯ್ತವೆ ಕಣವ್ವ.”

“ಅಲ್ಲಿ ಚೆನ್ನಾಗಿ ನೋಡ್ಕೋತಾರಾ?”

“ಬೋ ಚೆನ್ನಾಗಿ” ಎಂದಳು ಹೆಂಡತಿ. “ಇಪ್ಪತ್ನಾಕು ಗಂಟೆ ಬಿಸಿನೀರು ಐತೆ.”